ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಕನ್ನಡದ ಫಾಂಟ್ ತಾನಾಗಿ ಬದಲಾಗುವುದೇಕೆ?

ಪ್ರಶ್ನೆ: ನಮ್ಮದು ಕೃಷಿ ಪತ್ತಿನ ಸಹಕಾರ ಸಂಘ. ಕಚೇರಿಯ ಕಂಪ್ಯೂಟರ್ ತೀರಾ ನಿಧಾನವಾಗಿದ್ದರಿಂದ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ 11 ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದೆವು. ಫೈಲುಗಳೆಲ್ಲ ಬಂದಿವೆ. ಆದರೆ ಹಳೆಯ ನಡಾವಳಿಗಳನ್ನು ವರ್ಡ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಗೀಟು. ಈಚಿನ ವರದಿಗಳಲ್ಲಿ ಕನ್ನಡವೇ ಇದೆ, ಆದರೆ ಅಕ್ಷರದ ರೂಪ ಬೇರೆಯಾಗಿ 38 ಪುಟದ ವರದಿ 43 ಪುಟಕ್ಕೆ ಹೋಗಿದೆ. ಹೊಸದಾಗಿ ಟೈಪ್ ಮಾಡುವಾಗ ನುಡಿ ಫಾಂಟ್ ಆರಿಸಿಕೊಂಡರೂ ಮೊದಲ ಅಕ್ಷರಕ್ಕೇ ಬೇರೆ ಫಾಂಟ್ ಬಂದುಬಿಡುತ್ತದೆ. ಇದು ವೈರಸ್ಸೇ? ಮಹಾಸಭೆಯ ವರದಿ ಪ್ರೆಸ್ಸಿಗೆ ಹೋಗಬೇಕಿದೆ.

ಉತ್ತರ: ವೈರಸ್ ಅಲ್ಲ. ನಿಮ್ಮ ಫೈಲುಗಳಲ್ಲಿ ಒಂದಕ್ಷರವೂ ಹಾಳಾಗಿಲ್ಲ. ಆದರೆ ನೀವು ಹೇಳಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ. ಒಂದಕ್ಕೆ ಮಾಡುವ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ಈಗ ಸರಿಯಿರುವ ಫೈಲೂ ಕೆಡುತ್ತದೆ. ಆದ್ದರಿಂದ ಮುಂದಿನದನ್ನು ಓದುವ ಮೊದಲೇ ಎರಡು ಎಚ್ಚರಿಕೆ. ಹಳೆಯ ನಡಾವಳಿ ತೆರೆದು, ಕಂಟ್ರೋಲ್ ಎ ಒತ್ತಿ, ಸಿಕ್ಕ ಫಾಂಟ್ ಕೊಟ್ಟು ಸೇವ್ ಮಾಡಬೇಡಿ. ಹಾಗೆಯೇ, ತೆಗೆಸಿದ ಹಾರ್ಡ್ ಡಿಸ್ಕ್ ಅಂಗಡಿಯಲ್ಲಿದ್ದರೆ ಅದನ್ನು ಫಾರ್ಮ್ಯಾಟ್ ಮಾಡದಂತೆ ಇವತ್ತೇ ಫೋನ್ ಮಾಡಿ ಹೇಳಿ. ನಿಮಗೆ ಬೇಕಾದ ಫಾಂಟ್‌ಗಳು ಇರುವುದು ಅದರಲ್ಲಿ.

ವರ್ಡ್ ಫೈಲಿನೊಳಗೆ ಅಕ್ಷರದ ಚಿತ್ರ ಇರುವುದಿಲ್ಲ. ಅಕ್ಷರದ ಸಂಕೇತ ಸಂಖ್ಯೆ ಇರುತ್ತದೆ, ಜೊತೆಗೆ ಫಾಂಟಿನ ಹೆಸರು ಇರುತ್ತದೆ, ಅಷ್ಟೆ. ಆ ಹೆಸರಿನ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ವರ್ಡ್ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇದ್ದ ಇನ್ನೊಂದನ್ನು ಹಾಕಿ ತೋರಿಸುತ್ತದೆ. ಮೇಲಿನ ಫಾಂಟ್ ಬಾಕ್ಸ್‌ನಲ್ಲಿ ಮಾತ್ರ ಹಳೆಯ ಹೆಸರೇ ಕಾಣುತ್ತಿರುತ್ತದೆ. ಹೆಸರು ಕಾಣುತ್ತಿದೆ ಎಂದ ಮಾತ್ರಕ್ಕೆ ಫಾಂಟ್ ಇದೆ ಎಂದು ನಂಬಬೇಡಿ. ಬಹಳ ಜನ ಅರ್ಧ ದಿನ ಕಳೆದುಕೊಳ್ಳುವುದು ಇಲ್ಲಿಯೇ.

ಯಾವ ಫೈಲಿಗೆ ಯಾವ ತೊಂದರೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಫೈಲಿನಿಂದ ಒಂದು ವಾಕ್ಯ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿಯೂ ಕನ್ನಡ ಕಂಡರೆ ಅದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಸಂಖ್ಯೆ ಇರುವ ಪದ್ಧತಿ. ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಆಸ್ಕಿ, ಅಂದರೆ ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಬಗೆಯ ಬರವಣಿಗೆ. ಪ್ರತಿ ಫೈಲಿಗೂ ಮೊದಲು ಇದನ್ನು ಮಾಡಿ, ಆಸ್ಕಿ ಫೈಲುಗಳನ್ನು ಒಂದು ಫೋಲ್ಡರಿಗೂ ಯೂನಿಕೋಡ್ ಫೈಲುಗಳನ್ನು ಇನ್ನೊಂದಕ್ಕೂ ಹಾಕಿಕೊಳ್ಳಿ.

ಹಳೆಯ ನಡಾವಳಿಗಳು

ಇವು ಆಸ್ಕಿ ಫೈಲುಗಳು. ಕಂಪ್ಯೂಟರಿನ ಲೆಕ್ಕದಲ್ಲಿ ಇವುಗಳಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಫಾಂಟ್ ಇದ್ದಾಗ ಮಾತ್ರ ಕನ್ನಡ ಕಾಣುತ್ತದೆ. ನುಡಿಯಲ್ಲಿ ಇಂಗ್ಲಿಷಿನ ಸಣ್ಣ 'ಎ' ಇರುವ ಜಾಗದಲ್ಲಿ 'ಚಿ' ಇದೆ, ದೊಡ್ಡ 'ಎ' ಜಾಗದಲ್ಲಿ ಅನುಸ್ವಾರದ ಸೊನ್ನೆ ಇದೆ. ಫಾಂಟ್ ಹೋಯಿತೆಂದರೆ ಪರದೆ ಸರಿದಂತೆ ಹಿಂದಿನ ಇಂಗ್ಲಿಷ್ ಅಕ್ಷರಗಳು ಹಾಗೇ ಕಾಣುತ್ತವೆ. ಇದಕ್ಕೆ ತುಂಗಾ ಕೊಟ್ಟರೂ ನಿರ್ಮಲಾ ಕೊಟ್ಟರೂ ಕನ್ನಡ ಬರುವುದಿಲ್ಲ. ಅವು ಯೂನಿಕೋಡ್ ಫಾಂಟ್‌ಗಳು, ಇಂಗ್ಲಿಷ್ ಸಂಕೇತಕ್ಕೆ ಅವು ಇಂಗ್ಲಿಷನ್ನೇ ತೋರಿಸುತ್ತವೆ.

ಗೋಜಲು ಅಕ್ಷರಗಳ ನಡುವೆ ಕ್ಲಿಕ್ ಮಾಡಿ ಫಾಂಟ್ ಬಾಕ್ಸ್ ನೋಡಿ. 'ನುಡಿ 01 ಇ' ಅಥವಾ 'ಬಿಆರ್‌ಎಚ್ ಕನ್ನಡ' ಎಂದೋ, ಶ್ರೀಲಿಪಿಯಾದರೆ 'ಶ್ರೀ-ಕನ್' ಎಂದು ಶುರುವಾಗಿ ಅಂಕಿಯಲ್ಲಿ ಮುಗಿಯುವ ಹೆಸರೋ ಇರುತ್ತದೆ. ಬೇಕಾಗಿರುವುದು ಆ ಹೆಸರಿನದೇ ಫಾಂಟ್, ಅದರ ಬಂಧುವಲ್ಲ. ಶ್ರೀಲಿಪಿಯ ಬರವಣಿಗೆಗೆ ನುಡಿಯ ಫಾಂಟ್ ಕೊಟ್ಟರೆ ಕನ್ನಡ ಅಕ್ಷರಗಳು ಬರುತ್ತವೆ, ಆದರೆ ಓದಲಾಗದು; ಎರಡರ ಜೋಡಣೆ ಬೇರೆ. ಬಾಕ್ಸ್‌ನಲ್ಲಿ ಹಳೆಯ ಹೆಸರೇ ಇಲ್ಲದೆ ಕ್ಯಾಲಿಬ್ರಿ ಎಂದೋ ಆಪ್ಟೋಸ್ ಎಂದೋ ಕಂಡರೆ, ಯಾರೋ ಈಗಾಗಲೇ ಫಾಂಟ್ ಬದಲಿಸಿ ಸೇವ್ ಮಾಡಿದ್ದಾರೆ. ಆಗ ಆ ಕಾಲದ ಪಿಡಿಎಫ್ ಏನಾದರೂ ಉಳಿದಿದೆಯೇ ಹುಡುಕಿ. ಅಡೋಬಿ ರೀಡರಿನಲ್ಲಿ ಅದನ್ನು ತೆರೆದು ಕಂಟ್ರೋಲ್ ಡಿ ಒತ್ತಿದರೆ ಫಾಂಟ್ಸ್ ಎಂಬ ಪುಟದಲ್ಲಿ ಬಳಕೆಯಾದ ಫಾಂಟುಗಳ ಹೆಸರು ಪಟ್ಟಿಯಾಗಿರುತ್ತದೆ.

ಈಗ ಹಳೆಯ ಡಿಸ್ಕ್. ಅದನ್ನು ಯುಎಸ್‌ಬಿಯಿಂದ ಸಾಟಾಗೆ ಹೋಗುವ ಕೇಬಲ್ ಹಾಕಿ ಜೋಡಿಸಿ. ಫಾಂಟ್ ಹುಡುಕಬೇಕಾದ ಜಾಗ ಎರಡು. ಒಂದು, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್. ಇನ್ನೊಂದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಯೂಸರ್ಸ್‌ನಲ್ಲಿ ನಿಮ್ಮ ಖಾತೆಯ ಹೆಸರು, ಅದರೊಳಗೆ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್, ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಕಾಣುತ್ತದೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಮತ್ತು 11ರಲ್ಲಿ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬರೀ ಇನ್‌ಸ್ಟಾಲ್ ಎಂದರೆ ಅದು ಹೋಗಿ ಕೂರುವುದು ಇಲ್ಲಿಯೇ, ಆ ಒಬ್ಬ ಬಳಕೆದಾರನಿಗೆ ಮಾತ್ರ. ಬೇರೆ ಖಾತೆಯಿಂದ ಲಾಗಿನ್ ಆದವರಿಗೆ ಅದು ಸಿಗದು, ಕೆಲವು ಹಳೆಯ ತಂತ್ರಾಂಶಗಳಿಗೂ ಕಾಣದು. "ನನ್ನ ಲಾಗಿನ್‌ನಲ್ಲಿ ಸರಿಯಿದೆ, ಕಾರ್ಯದರ್ಶಿಯವರ ಲಾಗಿನ್‌ನಲ್ಲಿ ಇಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಬೇಕಾದ ಹೆಸರಿನ ಫಾಂಟ್‌ಗಳನ್ನಷ್ಟೇ ಹೊಸ ಕಂಪ್ಯೂಟರಿಗೆ ಕಾಪಿ ಮಾಡಿ, ಆರಿಸಿ, ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ಅದು ನೇರವಾಗಿ ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒಳಗಿರುತ್ತದೆ. ಹಳೆಯ ಫೋಲ್ಡರನ್ನು ಇಡಿಯಾಗಿ ತಂದು ಸುರಿಯಬೇಡಿ. 'ಈ ಫಾಂಟ್ ಈಗಾಗಲೇ ಇದೆ, ಬದಲಿಸಲೇ' ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ, ಇಲ್ಲದಿದ್ದರೆ ಹಳೆಯ ಆವೃತ್ತಿ ಹೊಸದರ ಮೇಲೆ ಕೂರುತ್ತದೆ. ಶ್ರೀಲಿಪಿಯಂಥ ಹಣ ಕೊಟ್ಟು ಕೊಂಡ ತಂತ್ರಾಂಶವಾದರೆ ಅದರದೇ ಮೂಲ ಸಿಡಿಯಿಂದ ಹಾಕಿಸಿಕೊಳ್ಳಿ. ನಂತರ ವರ್ಡನ್ನು ಪೂರ್ತಿ ಮುಚ್ಚಿ ತೆರೆಯಿರಿ. ನಡಾವಳಿಗಳು ಇದ್ದಂತೆಯೇ ಕಾಣಬೇಕು.

ಕಂಡ ಮೇಲೂ ಒಂದು ಅಪಾಯ ಉಳಿದಿದೆ. ಹೊಸದಾಗಿ ಹಾಕಿದ ವರ್ಡ್‌ನಲ್ಲಿ ಆಟೋಕರೆಕ್ಟ್ ಚಾಲೂ ಇರುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡಕ್ಷರ ಮಾಡುತ್ತದೆ. ಆಸ್ಕಿಯಲ್ಲಿ 'ಚಿತ್ರದುರ್ಗ' ಎಂದು ವಾಕ್ಯ ಶುರುಮಾಡಿದರೆ ಸಣ್ಣ 'ಎ' ಹೋಗಿ ದೊಡ್ಡ 'ಎ' ಬರುತ್ತದೆ, 'ಚಿ' ಇದ್ದಲ್ಲಿ ಬರೀ ಸೊನ್ನೆ ಕೂರುತ್ತದೆ. ನೋಡಿದವರು ಫಾಂಟ್ ಕೆಟ್ಟಿದೆ ಎಂದುಕೊಳ್ಳುತ್ತಾರೆ; ಕೆಟ್ಟಿರುವುದು ಅಕ್ಷರವೇ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ, ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವ ಗುರುತು, ಮೊದಲೆರಡು ದೊಡ್ಡಕ್ಷರ ತಿದ್ದುವ ಗುರುತು ಎರಡನ್ನೂ ತೆಗೆಯಿರಿ. ಪಕ್ಕದ 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಪುಟದಲ್ಲಿ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡುವುದನ್ನೂ ತೆಗೆಯಿರಿ. ಶಿಫ್ಟ್ ಎಫ್3 ಕೂಡ ಇದೇ ಹಾನಿ ಮಾಡುತ್ತದೆ, ಅದು ದೊಡ್ಡಕ್ಷರ ಸಣ್ಣಕ್ಷರ ಬದಲಿಸುವ ಕೀಲಿ. ಆಸ್ಕಿ ಫೈಲಿನಿಂದ ಫೈಲಿಗೆ ನಕಲು ಮಾಡುವಾಗ 'ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್' ಎಂದೇ ಪೇಸ್ಟ್ ಮಾಡಿ. ಬರೀ ಪಠ್ಯ ಪೇಸ್ಟ್ ಮಾಡಿದರೆ ಫಾಂಟಿನ ಹೆಸರು ಕಳಚಿ ಮತ್ತೆ ಗೋಜಲೇ.

ಮೊದಲೇ ಕಂಟ್ರೋಲ್ ಎ ಬೇಡ ಎಂದದ್ದಕ್ಕೂ ಕಾರಣ ಹೇಳಬೇಕು. ನಡಾವಳಿಯಲ್ಲಿ ನಡುನಡುವೆ ಇಂಗ್ಲಿಷ್ ಪದ, ಖಾತೆ ಸಂಖ್ಯೆ, ಬ್ಯಾಂಕಿನ ಕೋಡ್ ಇರುತ್ತವೆ. ಎಲ್ಲವೂ ಇಂಗ್ಲಿಷ್ ಸಂಕೇತಗಳೇ ಆದ್ದರಿಂದ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡ ಎಂದು ಹೇಳುವ ಒಂದೇ ಗುರುತು ಫಾಂಟಿನ ಹೆಸರು. ಇಡೀ ಫೈಲಿಗೆ ಒಂದೇ ಫಾಂಟ್ ಕೊಟ್ಟರೆ ಆ ಗುರುತು ಅಳಿಸಿಹೋಗುತ್ತದೆ. ಆಮೇಲೆ ಕೂತು ಕೈಯಿಂದಲೇ ಬೇರ್ಪಡಿಸಬೇಕು.

38 ಪುಟ 43 ಆದ ವರದಿ

ಇದು ಯೂನಿಕೋಡ್ ಫೈಲ್, ಅಪಾಯವಿಲ್ಲ. ಬಹುಪಾಲು ಇದರ ಫಾಂಟ್ ತುಂಗಾ ಆಗಿರುತ್ತದೆ, ಫಾಂಟ್ ಬಾಕ್ಸ್ ನೋಡಿ ಖಚಿತಪಡಿಸಿಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ವಿಂಡೋಸಿನ ಕನ್ನಡ ಫಾಂಟ್ ತುಂಗಾ. ವಿಂಡೋಸ್ 8ರಲ್ಲಿ ನಿರ್ಮಲಾ ಯುಐ ಬಂತು. ವಿಂಡೋಸ್ 10ರಿಂದ ತುಂಗಾವನ್ನು ಐಚ್ಛಿಕ ಭಾಗವಾಗಿಸಿದರು. ಕನ್ನಡ ಭಾಷೆ ಸೇರಿಸದ ಕಂಪ್ಯೂಟರಿನಲ್ಲಿ ಅದು ಇರುವುದೇ ಇಲ್ಲ. ಇಂಗ್ಲಿಷ್ ವಿಂಡೋಸ್ 11 ಹೊಸದಾಗಿ ಹಾಕಿದವರು ಕನ್ನಡ ಸೇರಿಸಿರುವುದಿಲ್ಲ. ಹಾಗಾಗಿ ತುಂಗಾ ಕೇಳಿದ ಫೈಲಿಗೆ ನಿರ್ಮಲಾ ಸಿಕ್ಕಿದೆ. ಎರಡರ ಅಕ್ಷರದ ಅಗಲ, ಸಾಲಿನ ಎತ್ತರ ಎರಡೂ ಬೇರೆ, ಆದ್ದರಿಂದ ಸಾಲು ಒಡೆಯುವ ಜಾಗ ಬದಲಾಗಿ ಪುಟ ಹೆಚ್ಚಿದೆ.

ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ. ಅಲ್ಲಿ ಹೊಸದನ್ನು ಸೇರಿಸುವ ಗುಂಡಿ ಒತ್ತಿ, ಪಟ್ಟಿಯಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಆರಿಸಿ ಇನ್‌ಸ್ಟಾಲ್ ಮಾಡಿ. ಇಂಟರ್ನೆಟ್ ಬೇಕು. ಇಲ್ಲವೇ ಟೈಮ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೂ ಇದು ಜೊತೆಗೆ ಬರುತ್ತದೆ, ಕನ್ನಡ ಕೀಲಿಮಣೆಯೂ ಸಿಗುತ್ತದೆ. ಎರಡನೆಯ ದಾರಿ ನಿಮಗೆ ಹೆಚ್ಚು ಅನುಕೂಲ.

ತುಂಗಾ ಬಂದ ಮೇಲೂ ಪುಟ ಸರಿಹೋಗದಿದ್ದರೆ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ, ಕೆಳಗೆ 'ಶೋ ಡಾಕ್ಯುಮೆಂಟ್ ಕಂಟೆಂಟ್' ಭಾಗದ 'ಫಾಂಟ್ ಸಬ್‌ಸ್ಟಿಟ್ಯೂಷನ್' ಗುಂಡಿ ಒತ್ತಿ. ಈ ಫೈಲಿಗೆ ಯಾವ ಫಾಂಟ್ ಇಲ್ಲ, ಅದರ ಬದಲು ಯಾವುದನ್ನು ಹಾಕಿದೆ ಎಂಬುದನ್ನು ವರ್ಡ್ ಒಪ್ಪಿಕೊಳ್ಳುವ ಜಾಗ ಇದು. ಎಲ್ಲವೂ ಇದ್ದರೆ ಬದಲಿ ಬೇಕಿಲ್ಲ ಎಂಬ ಸಂದೇಶ ಬರುತ್ತದೆ. ಅಲ್ಲಿರುವ 'ಕನ್ವರ್ಟ್ ಪರ್ಮನೆಂಟ್ಲಿ' ಮಾತ್ರ ಒತ್ತಬೇಡಿ, ಫೈಲಿನಲ್ಲಿರುವ ಮೂಲ ಹೆಸರನ್ನೇ ಅದು ಅಳಿಸುತ್ತದೆ.

ನನ್ನ ಸಲಹೆ ಕೇಳಿದರೆ, ಮುಂದಿನ ವರ್ಷದ ವರದಿಯಿಂದ ನೋಟೋ ಸೆರಿಫ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಬಳಸಿ. ಉಚಿತ, ಎಲ್ಲ ಕಂಪ್ಯೂಟರಿಗೂ ಹಾಕಬಹುದು, ವಿಂಡೋಸಿನ ಆವೃತ್ತಿ ಬದಲಾದರೂ ಅದು ನಿಮ್ಮ ಕೈಯಲ್ಲೇ ಇರುತ್ತದೆ. ಸಾಲಿನ ಅಂತರವನ್ನು 'ಎಕ್ಸಾಕ್ಟ್ಲಿ' ಎಂದು ಆರಿಸಿ, 12 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್ ಕೊಟ್ಟು ನೋಡಿ. ಆಗ ಫಾಂಟ್ ಬದಲಾದರೂ ಪುಟಕ್ಕಿಷ್ಟು ಸಾಲು ಎಂಬುದು ನಿಲ್ಲುತ್ತದೆ. ಇದಕ್ಕಿಂತ ಬಿಗಿ ಮಾಡಿದರೆ 'ಸ್ತ್ರೀ', 'ಲಕ್ಷ್ಮಿ', 'ರಾಷ್ಟ್ರ' ಮುಂತಾದ ಪದಗಳಲ್ಲಿ ಕೆಳಗಿನ ಒತ್ತಕ್ಷರ ಕತ್ತರಿಸಿದಂತೆ ಕಾಣುತ್ತದೆ. ಇಂಥ ನಾಲ್ಕೈದು ಪದಗಳನ್ನು ಬರೆದು ಪ್ರಿಂಟ್ ತೆಗೆದು ನೋಡಿಯೇ ಅಂತರ ನಿರ್ಧರಿಸಿ.

ಟೈಪ್ ಮಾಡುವಾಗ ಜಿಗಿಯುವ ಫಾಂಟ್

ಇಲ್ಲಿ ಕೀಲಿಮಣೆ ಯೂನಿಕೋಡ್, ಆರಿಸಿದ ಫಾಂಟ್ ಆಸ್ಕಿ. ಯೂನಿಕೋಡಿನ 'ಕ' ಎಂಬ ಸಂಕೇತ ಬಂದಾಗ 'ನುಡಿ 01 ಇ' ಫಾಂಟಿನಲ್ಲಿ ಆ ಜಾಗ ಖಾಲಿ. ಖಾಲಿ ಇದ್ದಾಗ ವರ್ಡ್ ಕನ್ನಡ ಇರುವ ಇನ್ನೊಂದಕ್ಕೆ ಜಿಗಿಯುತ್ತದೆ. ನುಡಿ ತಂತ್ರಾಂಶದಲ್ಲಿ ಆಸ್ಕಿ, ಯೂನಿಕೋಡ್ ಎರಡು ಬಗೆಯ ಟೈಪಿಂಗೂ ಇದೆ. ಹಳೆಯ ನಡಾವಳಿ ತಿದ್ದಬೇಕಾದಾಗ ಮಾತ್ರ ಆಸ್ಕಿಗೆ ಹೋಗಿ 'ನುಡಿ 01 ಇ' ಬಳಸಿ. ಹೊಸದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ. ನುಡಿಯ ಅಕ್ಷರರೂಪವೇ ಬೇಕೆಂದರೆ 'ನುಡಿ ಯೂನಿ 01 ಇ' ಇದೆ. ಒಂದೇ ಫೈಲಿನಲ್ಲಿ ಎರಡನ್ನೂ ಬೆರೆಸಬೇಡಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಸದಸ್ಯರ ಹೆಸರು ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ.

ಸರಿಯಾದ ಯೂನಿಕೋಡ್ ಫಾಂಟ್ ಆರಿಸಿದರೂ ಜಿಗಿಯುತ್ತಿದ್ದರೆ ಕಾರಣ ಇನ್ನೊಂದು. ವರ್ಡ್ ಪ್ರತಿ ಅಕ್ಷರಕ್ಕೂ ಎರಡು ಫಾಂಟ್ ಇಟ್ಟುಕೊಂಡಿರುತ್ತದೆ: ಇಂಗ್ಲಿಷಿಗೆ ಲ್ಯಾಟಿನ್ ಟೆಕ್ಸ್ಟ್ ಫಾಂಟ್, ಕನ್ನಡದಂಥ ಲಿಪಿಗಳಿಗೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಫಾಂಟ್. ಗಾತ್ರವೂ ಎರಡು. ಇಂಗ್ಲಿಷ್ 14 ಆಗಿ ಕನ್ನಡ 11ರಲ್ಲೇ ಉಳಿಯುವುದು ಇದರಿಂದಲೇ. ಕಂಟ್ರೋಲ್ ಡಿ ಒತ್ತಿದಾಗ ಬರುವ ಕಿಟಕಿಯಲ್ಲಿ ಈ ಎರಡನೆಯ ಭಾಗ ಕಾಣದಿದ್ದರೆ ವರ್ಡಿಗೆ ಕನ್ನಡ ಬಳಸುತ್ತೀರಿ ಎಂದೇ ಗೊತ್ತಿಲ್ಲ. ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್‌ನಲ್ಲಿ ಬರೆಯುವ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ವರ್ಡ್ ಮುಚ್ಚಿ ತೆರೆಯಿರಿ. ಮತ್ತೆ ಕಂಟ್ರೋಲ್ ಡಿ ಒತ್ತಿ ಎರಡೂ ಕಡೆ ಫಾಂಟ್, ಗಾತ್ರ ಕೊಡಿ. ಕೆಳಗಿನ 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿ, ನಾರ್ಮಲ್ ಟೆಂಪ್ಲೇಟಿನ ಎಲ್ಲ ಫೈಲುಗಳಿಗೂ ಎಂಬುದನ್ನು ಆರಿಸಿ.

ಒಂದು ಸಾಲಿನ ಫಾಂಟ್ ಬದಲಿಸಿದರೆ ಇಡೀ ಫೈಲೇ ಬದಲಾಗುವ ವಿಚಿತ್ರವೂ ಉಂಟು. ಆ ಪ್ಯಾರಾದ ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡಿಫೈಗೆ ಹೋದರೆ 'ಆಟೋಮ್ಯಾಟಿಕಲಿ ಅಪ್‌ಡೇಟ್' ಎಂಬ ಗುರುತು ಇರುತ್ತದೆ. ಅದನ್ನು ತೆಗೆದರೆ ಸಾಕು.

ನಿಮ್ಮ ಪತ್ರದಲ್ಲಿ ವಿಂಡೋಸಿನ ಮೆನುಗಳೇ ಬದಲಾಗಿವೆ ಎಂದಿಲ್ಲ. ಮುಂದೆ ಹಾಗಾದರೆ, ಅಂದರೆ ಮೆನು, ಐಕಾನುಗಳ ಹೆಸರು ಎಲ್ಲವೂ ವಿಚಿತ್ರವಾಗಿಯೋ ಖಾಲಿ ಚೌಕಗಳಾಗಿಯೋ ಕಂಡರೆ, ಮೊದಲು ಕಂಟ್ರೋಲ್ ಪ್ಯಾನಲಿನ ಫಾಂಟ್ಸ್‌ನಲ್ಲಿ 'ಫಾಂಟ್ ಸೆಟ್ಟಿಂಗ್ಸ್'ಗೆ ಹೋಗಿ 'ರಿಸ್ಟೋರ್ ಡಿಫಾಲ್ಟ್ ಫಾಂಟ್ ಸೆಟ್ಟಿಂಗ್ಸ್' ಒತ್ತಿ ರೀಸ್ಟಾರ್ಟ್ ಮಾಡಿ. ಹೋಗದಿದ್ದರೆ ಫಾಂಟ್ ಕ್ಯಾಷ್, ಅಂದರೆ ಬೇಗ ಸಿಗಲೆಂದು ವಿಂಡೋಸ್ ತೆಗೆದಿಟ್ಟುಕೊಂಡ ಫಾಂಟುಗಳ ಮಾಹಿತಿ, ಕೆಟ್ಟಿರಬಹುದು. ಸರ್ವಿಸಸ್‌ನಲ್ಲಿ 'ವಿಂಡೋಸ್ ಫಾಂಟ್ ಕ್ಯಾಷ್ ಸರ್ವಿಸ್' ನಿಲ್ಲಿಸಿ. ವಿಂಡೋಸ್ ಫೋಲ್ಡರಿನಲ್ಲಿ ಸರ್ವಿಸ್ ಪ್ರೊಫೈಲ್ಸ್, ಲೋಕಲ್ ಸರ್ವಿಸ್, ಆಪ್‌ಡೇಟಾ, ಲೋಕಲ್, ಫಾಂಟ್‌ಕ್ಯಾಷ್ ಎಂಬ ಜಾಗಕ್ಕೆ ಹೋಗಿ ಅದರೊಳಗಿನ ಫೈಲುಗಳನ್ನು ಅಳಿಸಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅವನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಳಿಸಬೇಕಾದದ್ದು ಕ್ಯಾಷ್ ಮಾತ್ರ, ಫಾಂಟ್ಸ್ ಫೋಲ್ಡರ್ ಅಲ್ಲ. ಇದಕ್ಕೂ ಬಗ್ಗದಿದ್ದರೆ ವಿಂಡೋಸಿನ ಮೆನು ಫಾಂಟನ್ನು ಬದಲಿಸುವ ಯಾವುದೋ ರಿಜಿಸ್ಟ್ರಿ (ವಿಂಡೋಸಿನ ಒಳ ಸೆಟ್ಟಿಂಗುಗಳ ಕೋಶ) ಫೈಲನ್ನು ಯಾರೋ ಓಡಿಸಿರಬಹುದು. ರಿಜಿಸ್ಟ್ರಿಯನ್ನು ತಿಳಿದವರ ಕೈಯಲ್ಲೇ ಸರಿಮಾಡಿಸಿ.

ಪ್ರೆಸ್ಸಿಗೆ ಕಳಿಸುವ ಮೊದಲು

ವರ್ಡ್ ಫೈಲ್ ಕಳಿಸಿದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇದೇ ಕಥೆ ಮರುಕಳಿಸಬಹುದು. ಪಿಡಿಎಫ್ ಮಾಡಿ ಕಳಿಸಿ. ಅದನ್ನು ತೆರೆದು ಕಂಟ್ರೋಲ್ ಡಿ ಒತ್ತಿ ಫಾಂಟ್ಸ್ ಪುಟ ನೋಡಿ, ಪ್ರತಿ ಹೆಸರಿನ ಮುಂದೂ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' ಎಂದಿರಬೇಕು, ಅಂದರೆ ಫಾಂಟ್ ಫೈಲಿನೊಳಗೇ ಸೇರಿದೆ ಎಂದರ್ಥ. ಇಲ್ಲದ ಒಂದು ಹೆಸರು ಕಂಡರೂ ಆ ಫಾಂಟ್ ಅಲ್ಲಿ ಬದಲಾಗುತ್ತದೆ. ಡಿಟಿಪಿಯವರು ತಿದ್ದಬೇಕೆಂದು ವರ್ಡ್ ಫೈಲನ್ನೇ ಕೇಳಿದರೆ ಫೈಲ್, ಆಪ್ಷನ್ಸ್, ಸೇವ್‌ನಲ್ಲಿ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಗುರುತು ಹಾಕಿ, ಅದರ ಕೆಳಗಿನ 'ಬಳಸಿದ ಅಕ್ಷರಗಳು ಮಾತ್ರ' ಎಂಬುದನ್ನು ಹಾಕದೆ ಸೇವ್ ಮಾಡಿ. ಜೊತೆಗೊಂದು ಪಿಡಿಎಫ್ ಇಡಿ, ಹೋಲಿಸಿ ನೋಡಲು.

ಪರದೆಯಲ್ಲಿ ಸರಿಯಿದ್ದು ನಿಮ್ಮದೇ ಪ್ರಿಂಟರಿನಲ್ಲಿ ಬೇರೆ ಅಕ್ಷರ ಬಂದರೆ, ಕೆಲವು ಲೇಸರ್ ಪ್ರಿಂಟರುಗಳ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ 'ಟ್ರೂಟೈಪ್ ಫಾಂಟ್' ಎಂಬ ಸಾಲಿರುತ್ತದೆ. 'ಸಬ್‌ಸ್ಟಿಟ್ಯೂಟ್ ವಿತ್ ಡಿವೈಸ್ ಫಾಂಟ್' ಇದ್ದರೆ 'ಡೌನ್‌ಲೋಡ್ ಆ್ಯಸ್ ಸಾಫ್ಟ್‌ಫಾಂಟ್' ಮಾಡಿ.

ಹಳೆಯ ನಡಾವಳಿಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನು ಮಹಾಸಭೆ ಮುಗಿದ ಮೇಲೆ ಇಟ್ಟುಕೊಳ್ಳಿ, ಅವಸರದಲ್ಲಿ ಬೇಡ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಮೂಲ ಫೈಲುಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ಶುರುಮಾಡಿ. ಬದಲಿಸಿದ ಮೇಲೆ ಮೂರು ಜಾಗ ಕಡ್ಡಾಯವಾಗಿ ಕಣ್ಣಾಡಿಸಿ. ಒಂದು, ಅರ್ಕಾವತ್ತು: ಆಸ್ಕಿಯಲ್ಲಿ 'ದುರ್ಗ' ಬರೆದಾಗ 'ರ್' ಸಂಕೇತ 'ಗ' ಆದ ಮೇಲೆ ಇರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು, ಪರಿವರ್ತಕ ತಪ್ಪುವುದು ಹೆಚ್ಚಾಗಿ ಇಲ್ಲಿ. ಎರಡು, ನಡುವಿನ ಇಂಗ್ಲಿಷ್ ಪದ, ಕೋಡುಗಳು ಅರ್ಥವಿಲ್ಲದ ಕನ್ನಡವಾಗಿವೆಯೇ ಎಂದು. ಮೂರು, ಕೋಷ್ಟಕಗಳು. ಸಾಲದ ಮೊತ್ತವಿರುವ ಪ್ರತಿ ಅಂಕಣವನ್ನೂ ಸಹಿ ಮಾಡಿದ ಮುದ್ರಿತ ಪ್ರತಿಯ ಜೊತೆ ಇಟ್ಟು ಒಬ್ಬರು ಓದಿ, ಇನ್ನೊಬ್ಬರು ನೋಡಿ.